ಇನ್ನೊಂದೇ ಪಾಯಿಂಟ್ ಅಂದ್ಬಿಟ್ರು ಭಾವ

2024ರ ಪ್ಯಾರಿಸ್ ಒಲಿಂಪಿಕ್ಸ್ ಬ್ಯಾಡ್ಮಿಂಟನ್ ಸೆಮಿಫೈನಲ್ ಸೋತಿದ್ದು ಲಕ್ಷ್ಯ ಸೇನ್ ಅಲ್ಲ, ನಮ್ಮ ಭಾವ. ನಮ್ಮನೇಲಿ ಇವತ್ತಿಗೂ ಎಲ್ರೂ ಒಪ್ಪಿರೋ ಸತ್ಯ ಇದು. ಮೊದಲ್ನೇ ಗೇಮು 20-17, ಎದುರಿಗಿರೋದು ಡೆನ್ಮಾರ್ಕಿನ ವಿಕ್ಟರ್ ಆಕ್ಸೆಲ್ಸನ್, ತೆಂಗಿನಮರದ ಥರ ನಿಂತಿರೋ ಆಸಾಮಿ, ಅಂಥೋನ ಮೇಲೆ ಮೂರು ಗೇಮ್ ಪಾಯಿಂಟ್ ಕೈಲಿದೆ. ನಾವೆಲ್ಲ ಉಸಿರು ಬಿಗಿಹಿಡ್ಕೊಂಡು ಕೂತಿದ್ರೆ ಭಾವ ಮಾತ್ರ ಕಾಲು ಚಾಚ್ಕೊಂಡು "ಬಿಡ್ರೋ, ಇನ್ನೊಂದೇ ಪಾಯಿಂಟು, ಗೇಮ್ ನಮ್ದೇ" ಅಂದ್ಬಿಟ್ರು. ಸಾಲಾಗಿ ಐದು ಪಾಯಿಂಟ್ ಹೋಯ್ತು, 22-20. ಎರಡ್ನೇ ಗೇಮಲ್ಲಿ 7-0 ಲೀಡ್ ಬಂದಾಗ ಅಕ್ಕ ಗಂಡನ ಕಡೆ ತಿರುಗಿ ತುಟಿ ಮೇಲೆ ಬೆರಳಿಟ್ಟು ತೋರ್ಸಿದ್ಲು, ಭಾವ ಸರಿ ಸರಿ ಅಂತ ತಲೆ ಆಡ್ಸಿದ್ರು, ಬಾಯಿ ಬಿಡ್ಲಿಲ್ಲ, ಆದ್ರೆ ಮುಖದಲ್ಲಿ ಒಂದು ನಗು ಬಂದ್ಹೋಯ್ತು. ಅಷ್ಟೇ ಸಾಕಾಯ್ತು ಅನ್ಸತ್ತೆ. 21-14ಕ್ಕೆ ಅದೂ ಹೋಯ್ತು.

ಭಾವನ ವಾದ ಬೇರೆ. ತಪ್ಪು ತಮ್ಮ ಬಾಯಿದಲ್ಲ, ಸ್ಕೋರಿಂಗ್ ಪದ್ಧತೀದು ಅಂತಾರೆ. 2006ಕ್ಕೆ ಮುಂಚೆ ಸರ್ವೀಸ್ ಇದ್ದೋನಿಗೆ ಮಾತ್ರ ಪಾಯಿಂಟು, ಗಂಡಸರ ಗೇಮು 15ಕ್ಕೆ. ಹಿಂದೆ ಬಿದ್ದೋನು ಮೊದ್ಲು ಒಂದು ರ‍್ಯಾಲಿ (ಸರ್ವ್‌ನಿಂದ ಶಟಲ್ ಬೀಳೋವರೆಗಿನ ಆಟ) ಗೆದ್ದು ಸರ್ವೀಸ್ ಕಿತ್ಕೋಬೇಕು, ಅದಕ್ಕೆ ಪಾಯಿಂಟಿಲ್ಲ, ಆಮೇಲೆ ಸರ್ವ್ ಮಾಡಿ ಗೆದ್ರೆ ಒಂದು. ಪ್ರಕಾಶ್ ಪಡುಕೋಣೆ 1980ರಲ್ಲಿ ಆಲ್ ಇಂಗ್ಲೆಂಡ್ ಫೈನಲ್ಲಲ್ಲಿ ಲಿಯೆಮ್ ಸ್ವೀ ಕಿಂಗ್‌ನ ಹೊಡೆದಿದ್ದು 15-3, 15-10, ಅದೆಲ್ಲ ಆ ಲೆಕ್ಕ. ಈಗ ಯಾರು ಸರ್ವ್ ಮಾಡಿದ್ರೂ ಗೆದ್ದೋನಿಗೆ ಪಾಯಿಂಟು, ಹಂಗಾಗಿ 20-17 ಅನ್ನೋದು 20-20 ಆಗೋಕೆ ಒಂದು ಲೋಟ ನೀರು ಕುಡಿಯೋಷ್ಟು ಹೊತ್ತು ಸಾಕು. ಕೇಳೋಕೆ ಸರಿಯಾಗೇ ಇದೆ ವಾದ. ಆದ್ರೆ ಹಂಗೆ ಗೊತ್ತಿದ್ದೋರು ಬಾಯಿ ಬಿಟ್ಟಿದ್ಯಾಕೆ ಅನ್ನೋದು ಅಕ್ಕನ ಪ್ರಶ್ನೆ, ಅದಕ್ಕೆ ಇನ್ನೂ ಉತ್ತರ ಬಂದಿಲ್ಲ.

ಬ್ಯಾಡ್ಮಿಂಟನ್ ನೋಡೋರಿಗೆ ಇರೋ ಕಷ್ಟ ಇದೇ ನೋಡಿ. ರ‍್ಯಾಲಿ ನಡೀತಿರುವಾಗ ಮಾತಾಡೋಕಾಗಲ್ಲ, ಅಷ್ಟು ಬೇಗ ನಡಿಯತ್ತೆ. ಮುಗಿದು ಮುಂದಿನ ಸರ್ವ್‌ಗೆ ಮುಂಚೆ ಟವೆಲ್ಲಲ್ಲಿ ಮುಖ ಒರೆಸ್ಕೊಳ್ಳೋದು, ಶೂ ಲೇಸ್ ಕಟ್ಕೊಳ್ಳೋದು, ಹಾಳಾದ ಶಟಲ್ ಎತ್ತಿ ತೋರ್ಸಿ ಅಂಪೈರ್ ಹತ್ರ ಹೊಸದು ಕೇಳೋದು, ಇಷ್ಟರೊಳಗೆ ನಾವು ಆ ಪಾಯಿಂಟಿನ ಪೋಸ್ಟ್‌ಮಾರ್ಟಮ್ ಮುಗಿಸ್ಬೇಕು. "ಆ ಎತ್ತಿ ಹೊಡೆದ ಲಿಫ್ಟು ಉದ್ದ ಹೋಗ್ಲಿಲ್ಲ, ಅರ್ಧ ಕೋರ್ಟಿಗೆ ಕೊಟ್ರೆ ಅವನು ಬಿಡ್ತಾನಾ" ಅಂತ ಒಬ್ರು ಶುರು ಮಾಡ್ತಾರೆ, "ಲಿಫ್ಟ್ ಯಾಕ್ ಮಾಡ್ಬೇಕಿತ್ತು, ನೆಟ್ಟಲ್ಲೇ ಇನ್ನೊಂದು ಆಡ್ಬಹುದಿತ್ತಲ್ಲ" ಅಂತ ಇನ್ನೊಬ್ರು, ಅಷ್ಟೊತ್ತಿಗೆ ಸರ್ವ್ ಆಗೋಗಿರತ್ತೆ, ವಾದ ಅರ್ಧಕ್ಕೇ ನಿಲ್ಲತ್ತೆ. 11 ಪಾಯಿಂಟಿಗೆ ಸಿಗೋ 60 ಸೆಕೆಂಡ್ ಇಂಟರ್ವಲ್ಲು ಕೋಚ್‌ಗಳಿಗೆ ಎಷ್ಟು ಮುಖ್ಯವೋ ಗೊತ್ತಿಲ್ಲ, ನಮಗಂತೂ ಪ್ರಾಣ, ಬಾಕಿ ಉಳಿದ ಜಗಳ ಎಲ್ಲ ಆವಾಗ್ಲೇ ಇತ್ಯರ್ಥ ಆಗ್ಬೇಕು.

ಅದಕ್ಕೇ ಪಂದ್ಯ ಬೇಗ ಮುಗಿದ್ರೂ ನಮಗೆ ಸಮಾಧಾನ ಇಲ್ಲ. 2019ರಲ್ಲಿ ಬಾಸೆಲ್ಲಲ್ಲಿ ವರ್ಲ್ಡ್ ಚಾಂಪಿಯನ್‌ಶಿಪ್ ಫೈನಲ್, ನಮ್ಮ ಪಿ.ವಿ. ಸಿಂಧು ಜಪಾನಿನ ಒಕುಹಾರನ 21-7, 21-7ರಲ್ಲಿ ಮುಗಿಸಿಬಿಟ್ಲು, 40 ನಿಮಿಷನೂ ಆಗ್ಲಿಲ್ಲ. ಕುಣಿದಾಡಿದ್ವಿ, ಇಲ್ಲ ಅಂತ ಹೇಳಲ್ಲ. ಆದ್ರೆ ಸಂಜೆ ಹೊತ್ತಿಗೆ ಭಾವ ಒಂಥರಾ ಸಪ್ಪಗಿದ್ರು, ಮಾತಾಡೋಕೆ ಏನೂ ಉಳಿದಿರ್ಲಿಲ್ಲ ಪಾಪ. ಅದಕ್ಕಿಂತ ಎರಡು ವರ್ಷ ಹಿಂದೆ ಗ್ಲಾಸ್ಗೋದಲ್ಲಿ ಅವರಿಬ್ಬರದ್ದೇ ಫೈನಲ್ ಇತ್ತಲ್ಲ, ಒಕುಹಾರ ಗೆದ್ದಿದ್ದು, 21-19, 20-22, 22-20, 110 ನಿಮಿಷ. ಎರಡ್ನೇ ಗೇಮಿನ ಕೊನೇ ರ‍್ಯಾಲಿ 73 ಶಾಟ್. ಎಣಿಸ್ತಾ ಕೂತಿದ್ದ ಅಕ್ಕನ ಮಗ ಮೂವತ್ತೆಷ್ಟಕ್ಕೋ ಎಣಿಸೋದು ಬಿಟ್ಬಿಟ್ಟ, ಈ ಕಡೆ ಮೂಲೆಯಿಂದ ಆ ಕಡೆ ಮೂಲೆಗೆ ಇಬ್ರೂ ಓಡ್ತಾನೇ ಇದಾರೆ, ಸಿಂಧುಗೆ ಪಾಯಿಂಟ್ ಬಂತು ಅಂತ ಗೊತ್ತಾದ್ಮೇಲೂ ನಮ್ಮ ರೂಮಲ್ಲಿ ಯಾರೂ ಚಪ್ಪಾಳೆ ಹೊಡೀಲಿಲ್ಲ, ಓಡಿದ್ದು ನಾವೇ ಏನೋ ಅನ್ನೋ ಥರ ಸುಸ್ತಾಗಿ ಕೂತಿದ್ವಿ. ಸೋತ ಫೈನಲ್ಲು ಅದು. ಅದರ ಬಗ್ಗೆ ಇನ್ನೂ ಮಾತಾಡ್ತೀವಿ.

ನಮ್ಮಲ್ಲಿ ಆಟದ ಬಗ್ಗೆ ಏನೂ ಗೊತ್ತಿಲ್ಲದಿರೋದು ಅಮ್ಮನಿಗೆ. ಡಬಲ್ಸ್ ಅಂದ್ರೆ ಎದ್ದೇ ಹೋಗ್ತಾರೆ, ನಾಕು ಜನ ಒಟ್ಟಿಗೆ ಬಡಿದಾಡೋದು ನೋಡಿದ್ರೆ ತಲೆ ತಿರುಗತ್ತಂತೆ. ಸಿಂಗಲ್ಸ್‌ಗೆ ಕೂರ್ತಾರೆ. ಶಟಲ್ ಲೈನ್ ಹತ್ರ ಬಿತ್ತು, ಆಟಗಾರ ಬೆರಳೆತ್ತಿ ಚಾಲೆಂಜ್ ಅಂದ, ಸ್ಕ್ರೀನಲ್ಲಿ ಕಂಪ್ಯೂಟರ್ ಚಿತ್ರ ಬರೋದ್ರೊಳಗೆ ನಮ್ಮಲ್ಲಿ ವೋಟಿಂಗ್ ನಡಿಯತ್ತೆ, ಇನ್ನಾ ಔಟಾ ಅಂತ. ಮ್ಯಾಚಿಗೆ ಎರಡು ಚಾಲೆಂಜ್ ಇರತ್ತೆ, ಸರಿಯಾದ್ರೆ ಉಳಿಯತ್ತೆ, ತಪ್ಪಾದ್ರೆ ಒಂದು ಹೋಯ್ತು. ಅಮ್ಮನ ಚಾಲೆಂಜ್ ಮಾತ್ರ ಖರ್ಚಾಗಿದ್ದು ನಾನಂತೂ ನೋಡಿಲ್ಲ. ಒಂದಿನ ಭಾವ ತಡೀಲಾರ್ದೆ "ಅತ್ತೆ, ನಿಮಗೆ ಅದು ಹೆಂಗೆ ಕಾಣ್ಸತ್ತೆ" ಅಂತ ಕೇಳೇಬಿಟ್ರು. "ಅಯ್ಯೋ ಅಳಿಯಂದ್ರೆ, ನನಗೆಲ್ಲಿ ಆ ಪುಕ್ಕ ಕಾಣತ್ತೆ. ಹೊಡೀದೆ ಬಿಟ್ನಲ್ಲ, ಅವನ ಮುಖ ನೋಡ್ತೀನಿ. ಬಿಟ್ಟಿದ್ದು ತಪ್ಪಾಯ್ತು ಅಂತ ಅವನಿಗೇ ಗೊತ್ತಾಗಿರತ್ತೆ" ಅಂದ್ರು. ಆವತ್ತಿಂದ ನಾನೂ ಮುಖ ನೋಡೋಕೆ ಟ್ರೈ ಮಾಡ್ತೀನಿ, ಆಗಲ್ಲ, ಕಣ್ಣು ತಾನಾಗೇ ಶಟಲ್ ಹಿಂದೆ ಹೋಗ್ಬಿಡತ್ತೆ.

ಇಷ್ಟೆಲ್ಲ ಧೈರ್ಯವಾಗಿ ಮಾತಾಡ್ತೀವಲ್ಲ, ಅದಕ್ಕೆ ಕಾರಣ ಟಿವಿ ಅಂತ ನನಗೆ ಗೊತ್ತಾಗಿದ್ದು ಒಂದು ಇಂಟರ್‌ನ್ಯಾಷನಲ್ ಟೂರ್ನಮೆಂಟನ್ನ ಸ್ಟೇಡಿಯಂಗೇ ಹೋಗಿ ನೋಡಿದಾಗ. ಟಿವೀಲಿ ಕ್ಯಾಮೆರಾ ಒಂದು ತುದಿಯಲ್ಲಿ ಎತ್ತರದಲ್ಲಿ ಕೂತಿರತ್ತೆ, 13.4 ಮೀಟರ್ ಉದ್ದದ ಕೋರ್ಟು ಅಲ್ಲಿಂದ ಟೇಬಲ್ ಥರ ಕಾಣತ್ತೆ, ಎರಡು ಹೆಜ್ಜೆ ಹಾಕಿದ್ರೆ ಎಲ್ಲಾ ಸಿಗೋ ಹಂಗೆ. ಪಕ್ಕದಲ್ಲಿ ಕೆಳಗಡೆ ಸೀಟಲ್ಲಿ ಕೂತು ನೋಡಿದ್ರೆ ಬೇರೇನೇ ಲೋಕ. ಮೊದಲ ರೌಂಡುಗಳು, ಒಂದೇ ಹಾಲಲ್ಲಿ ನಾಕು ಕೋರ್ಟಲ್ಲೂ ಆಟ, ಯಾವುದನ್ನ ನೋಡೋದು ಅಂತಾನೇ ತಿಳಿಯಲ್ಲ, ಒಂದು ಕಡೆ ನೋಡ್ತಿದ್ರೆ ಇನ್ನೊಂದು ಕಡೆಯಿಂದ ಹೋ ಅಂತ ಕೂಗು, ತಿರುಗೋದ್ರೊಳಗೆ ಅಲ್ಲೂ ಮುಗಿದಿರತ್ತೆ. ಸ್ಮ್ಯಾಶ್ ಹೊಡೆದಾಗ ಶಟಲ್ ನನ್ನ ಕಣ್ಣಿಗೆ ಬೀಳ್ಲೇ ಇಲ್ಲ, ಟಪ್ ಅನ್ನೋ ಸದ್ದು, ಶೂ ಕಿರ್ ಅಂದಿದ್ದು, ಆಮೇಲೆ ಲೈನ್ ಅಂಪೈರ್ ಕೈ ಚಾಚಿದ್ದು, ಕಂಡಿದ್ದು ಕೇಳಿದ್ದು ಇಷ್ಟೇ. ಸಾತ್ವಿಕ್ ಸಾಯಿರಾಜ್ 2023ರಲ್ಲಿ ಜಪಾನಲ್ಲಿ ಒಂದು ಸ್ಮ್ಯಾಶ್ ಹೊಡೆದು ಗಿನ್ನೆಸ್ ದಾಖಲೆ ಮಾಡಿದ್ದು ಗಂಟೆಗೆ 565 ಕಿಲೋಮೀಟರ್. ಪುಕ್ಕ ಗಾಳಿ ತಡೆಯೋದ್ರಿಂದ ಎದುರಿನವರ ಹತ್ರ ಬರೋ ಹೊತ್ತಿಗೆ ವೇಗ ಎಷ್ಟೋ ಇಳಿದಿರತ್ತೆ ನಿಜ, ಇಳಿದ್ಮೇಲೂ ನಮ್ಮ ಕೈಲಾಗೋ ಕೆಲಸ ಅಲ್ಲ ಅದು.

ಮತ್ತೆ ಆ ಡ್ರಿಫ್ಟು. ಎಸಿ ಗಾಳಿ ಒಂದು ಕಡೆಯಿಂದ ಬೀಸ್ತಿರತ್ತೆ, ಟಿವೀಲಿ ಅದು ಕಾಣೋದೇ ಇಲ್ಲ. ಒಬ್ಬ ಹುಡುಗ ಮೊದಲ್ನೇ ಗೇಮಲ್ಲಿ ಹಿಂದಿನ ಲೈನಿಗೆ ಅಳತೆ ಮಾಡಿದ ಹಾಗೆ ಎತ್ತಿ ಹೊಡೆದು ಟಾಸ್ ಕೊಡ್ತಿದ್ದ, ಸೈಡ್ ಬದಲಾಯ್ತು, ಅದೇ ಕೈ ಅದೇ ಟಾಸು, ಒಂದಾದ್ಮೇಲೊಂದು ಲೈನ್ ದಾಟಿ ಬೀಳೋಕೆ ಶುರುವಾಯ್ತು. ಮನೇಲಾಗಿದ್ರೆ "ಇವನಿಗೆ ಟೆನ್ಷನ್ ಆಗಿದೆ" ಅಂತ ಒಂದೇ ಮಾತಲ್ಲಿ ತೀರ್ಪು ಕೊಟ್ಬಿಡ್ತಿದ್ವಿ. ಅವತ್ತು ಭಾವ ಎರಡು ಗಂಟೆ ಏನೂ ಮಾತಾಡ್ಲಿಲ್ಲ. ಹುಷಾರಿಲ್ವಾ ಅಂತ ಅಕ್ಕ ಕೇಳಿದ್ಲು.

ವಾಪಸ್ ಬರೋವಾಗ ಅಕ್ಕನ ಮಗನಿಗೆ ಹಾಳಾಗಿರೋ ಒಂದು ಶಟಲ್ ಸಿಕ್ಕಿತ್ತು, ದಾರಿಯುದ್ದಕ್ಕೂ ಅದನ್ನ ಕೈಯಿಂದ ಕೈಗೆ ಕೊಟ್ಕೊಂಡು ನೋಡಿದ್ವಿ. 16 ಗರಿ, ಅದರಲ್ಲಿ ಒಂದರ ಕಡ್ಡಿ ಮುರಿದು ಜೋತಾಡ್ತಿದೆ, ಎರಡರ ಅಂಚು ಬಾಚಣಿಗೆ ಹಲ್ಲಿನ ಥರ ಬಿರಿದಿದೆ, ಕಾರ್ಕಿನ ಒಂದು ಪಕ್ಕ ಸ್ವಲ್ಪ ಒಳಗೆ ಕೂತಿದೆ. ಐದು ಗ್ರಾಂ ಆಸುಪಾಸು ತೂಕ, ಅಂಗೈ ಮೇಲಿಟ್ರೆ ಇದೆಯೋ ಇಲ್ವೋ ಅನ್ಸತ್ತೆ. ಇದನ್ನ ಹಿಡ್ಕೊಂಡು ಭಾವ ತುಂಬಾ ಹೊತ್ತು ಸುಮ್ನಿದ್ದು, ಆಮೇಲೆ "ನೆಟ್ಟಲ್ಲಿ ಆಡ್ಬೇಕಿತ್ತು ಅಂತ ನಾವು ಸುಮ್ನೆ ಹೇಳ್ತೀವಪ್ಪ" ಅಂದ್ರು. ಆ ವೈರಾಗ್ಯ ಮುಂದಿನ ಟೂರ್ನಮೆಂಟಿನ ಕ್ವಾರ್ಟರ್‌ಫೈನಲ್ ತನಕ ಇತ್ತು, ಅಷ್ಟೇ.

ಈಗ ನಮ್ಮನೇಲಿ ಒಂದು ವ್ಯವಸ್ಥೆ ಆಗಿದೆ. ನಮ್ಮೋರು 18 ದಾಟಿದ್ರು ಅಂದ್ರೆ ಭಾವ ತಾವಾಗೇ ಎದ್ದು ಹೊರಗಡೆ ಹೋಗ್ಬೇಕು, ಅಲ್ಲಿ ನಿಂತು ಫೋನಲ್ಲಿ ನೋಡ್ಕೋಬಹುದು. ಈ ಫೋನಿನ ಸ್ಟ್ರೀಮಿಂಗು ಟಿವಿಗಿಂತ ಅರ್ಧ ನಿಮಿಷ ಹಿಂದೆ. ಮೊನ್ನೆ ಮೂರನೇ ಗೇಮು, 20-18, ಭಾವ ಆಚೆ ಇದಾರೆ, ನಾವು ಒಳಗೆ ಒಬ್ಬರ ಕೈ ಒಬ್ರು ಹಿಡ್ಕೊಂಡಿದೀವಿ, ಕ್ರಾಸ್ ಡ್ರಾಪ್ ಒಂದು ನೆಟ್ಟಿನ ಟೇಪ್ ಸವರಿ ಆ ಕಡೆ ಜಾರಿ ಬಿತ್ತು, ಗೆದ್ವಿ. ಕೂಗಬಾರ್ದು ಅಂತ ಅಕ್ಕ ಸನ್ನೆ ಮಾಡಿದ್ಲು, ಎಲ್ಲ ಬಾಯಿಗೆ ದಿಂಬು ಒತ್ಕೊಂಡು ಕೂತ್ವಿ. ಅಷ್ಟರಲ್ಲಿ ಬಾಗಿಲು ಒಂದು ಚೂರು ತೆರೀತು, ಭಾವ ಫೋನ್ ಹಿಡ್ಕೊಂಡೇ ತಲೆ ಒಳಗೆ ತೂರ್ಸಿ, ಪಿಸುಮಾತಲ್ಲಿ, "ನಾನು ಹೇಳ್ಬಾರ್ದು, ಆದ್ರೂ ಹೇಳ್ತೀನಿ, ಇನ್ನೊಂದೇ ಪಾಯಿಂಟು" ಅಂದ್ರು.

"ಹೇಳಿ ಹೇಳಿ, ಅದೆಷ್ಟ್ ಸಲ ಹೇಳ್ತೀರೋ ಹೇಳಿ" ಅಂದ್ರು ಅಮ್ಮ.