ಫಾದರ್ ಎದುರು ಗಪ್‌ಚುಪ್, ಹಿಂದಿನ ಬೆಂಚಿನಲ್ಲಿ ತೀರ್ಪು

ಇಲ್ಲಿ ಸ್ಟುಟ್‌ಗಾರ್ಟ್‌ನಲ್ಲಿ ಭಾನುವಾರದ ಪೂಜೆ ಮುಗಿದ ಮೇಲೆ ಇಗರ್ಜಿಯ, ಅಂದರೆ ಚರ್ಚಿನ, ಪಕ್ಕದ ಹಾಲ್‌ನಲ್ಲಿ ಕಾಫಿ ಇರುತ್ತದೆ. ಹಾಲಿಲ್ಲದ ಕಹಿ ಕಾಫಿ, ಜೊತೆಗೆ ಯಾರಾದರೂ ಮನೆಯಲ್ಲಿ ಮಾಡಿ ತಂದ ಕೇಕು. ಒಂದು ಭಾನುವಾರ ನಿವೃತ್ತ ಟೀಚರ್ ಒಬ್ಬರು ಕೈಯಲ್ಲಿ ತಟ್ಟೆ ಹಿಡಿದುಕೊಂಡೇ ಫಾದರ್ ಎದುರು ನಿಂತರು. "ಈ ವಿಷಯದಲ್ಲಿ ನಮ್ಮ ಬಿಷಪರುಗಳು ಜವಾಬ್ದಾರಿಯಿಂದ ಜಾರಿಕೊಂಡಿದ್ದಾರೆ" ಎಂದು ಎಲ್ಲರಿಗೂ ಕೇಳುವ ಹಾಗೆ ಹೇಳಿದರು. ಈಗ ಏನೋ ಆಗುತ್ತದೆ ಅಂತ ನಾನು ಕೇಕು ತಿನ್ನುವುದನ್ನು ನಿಲ್ಲಿಸಿದೆ. ಏನೂ ಆಗಲಿಲ್ಲ. ಫಾದರ್ "ನನಗೂ ಹಾಗೆ ಅನಿಸಿದ್ದುಂಟು, ಅವರಿಗೇ ಒಂದು ಕಾಗದ ಬರೆಯಿರಿ" ಎಂದು ಹೇಳಿ ಆಕೆಯ ಕಪ್ಪಿಗೆ ಇನ್ನಷ್ಟು ಕಾಫಿ ಸುರಿದರು.

ಆಕೆಯ ಮಗ ಡೈವೋರ್ಸ್ ಆಗಿ ಇನ್ನೊಂದು ಮದುವೆಯಾದವನು. ಹಾಗೆ ಮರುಮದುವೆಯಾದವರಿಗೆ ಪೂಜೆಯಲ್ಲಿ ಹಂಚುವ ಪರಮಪ್ರಸಾದ ಇಲ್ಲ ಅನ್ನುವುದು ಕಥೋಲಿಕ ಇಗರ್ಜಿಯ ಹಳೆಯ ನಿಯಮ. 2017ರಲ್ಲಿ ಜರ್ಮನಿಯ ಬಿಷಪರುಗಳು, ಇಂಥವರು ಫಾದರ್ ಜೊತೆ ಕೂತು ಚೆನ್ನಾಗಿ ಯೋಚಿಸಿದ ಮೇಲೆ ಕೆಲವು ಸಂದರ್ಭಗಳಲ್ಲಿ ಪರಮಪ್ರಸಾದ ತೆಗೆದುಕೊಳ್ಳಬಹುದು ಎಂದರು. ಯಾವ ಸಂದರ್ಭ ಅಂತ ಪಟ್ಟಿ ಕೊಡಲಿಲ್ಲ. ಹಾಗಾಗಿ ಒಂದು ಊರಿನಲ್ಲಿ ಸಿಗುತ್ತದೆ, ಪಕ್ಕದ ಊರಿನಲ್ಲಿ ಇಲ್ಲ. ಆಕೆಯ ತಕರಾರು ಇಷ್ಟೇ. ಬಿಷಪರ ಹೃದಯದಲ್ಲಿ ಏನಿದೆ, ಯಾರಿಗೆ ಹೆದರಿದರು ಅನ್ನುವ ಸುದ್ದಿಗೆ ಆಕೆ ಹೋಗಲಿಲ್ಲ.

ಈ ಜಗಳ ಇಲ್ಲಿನವರಿಗೆ ಮನೆಯ ಜಗಳವಿದ್ದ ಹಾಗೆ. ಆಗ ಈ ಧರ್ಮಪ್ರಾಂತ್ಯದ ಬಿಷಪರಾಗಿದ್ದ ವಾಲ್ಟರ್ ಕಾಸ್ಪರ್ ಇನ್ನಿಬ್ಬರ ಜೊತೆ ಸೇರಿ 1993ರಲ್ಲೇ ಮರುಮದುವೆಯಾದವರ ಪರವಾಗಿ ಪತ್ರ ಹೊರಡಿಸಿದ್ದರು. ಮರುವರ್ಷ ರೋಮ್, ಅಂದರೆ ಪೋಪರ ಆಡಳಿತ, ಅದು ಆಗದು ಎಂದಿತು. 2014ರಲ್ಲಿ ಅದೇ ಕಾಸ್ಪರ್ ಕಾರ್ಡಿನಲ್ (ಪೋಪರ ನಂತರದ ದೊಡ್ಡ ಸ್ಥಾನ) ಆಗಿ ಪೋಪ್ ಫ್ರಾನ್ಸಿಸ್ ಎದುರೇ ಮತ್ತೆ ಆ ಮಾತು ಎತ್ತಿದರು. 2016ರಲ್ಲಿ ಕುಟುಂಬ ಜೀವನದ ಬಗ್ಗೆ ಪೋಪರ ಬರಹ 'ಅಮೋರಿಸ್ ಲೆತೀಸಿಯ' ಬಂತು. ಅದರ 351ನೇ ಅಡಿಟಿಪ್ಪಣಿಯಲ್ಲಿ, ಇಂಥವರಲ್ಲಿ ಕೆಲವರಿಗೆ ಪರಮಪ್ರಸಾದದಂಥ ಸಂಸ್ಕಾರಗಳ ನೆರವೂ ಸಿಗಬಹುದು ಅನ್ನುವ ಒಂದು ಸಣ್ಣ ಮಾತು. ಅಷ್ಟಕ್ಕೇ ಲೋಕವೆಲ್ಲ ಗದ್ದಲ. ನಾಲ್ವರು ಕಾರ್ಡಿನಲ್‌ಗಳು ಪೋಪರಿಗೆ ಐದು ಪ್ರಶ್ನೆ ಬರೆದು ಕಳಿಸಿದರು, ಉತ್ತರ ಬರಲಿಲ್ಲ ಅಂತ ಪ್ರಶ್ನೆಗಳನ್ನು ಬಹಿರಂಗ ಮಾಡಿದರು. ನಾಲ್ವರಲ್ಲಿ ಇಬ್ಬರು ಜರ್ಮನ್ನರು.

ಟೀಚರ್ ಹಾಗೆ ಹೇಳಿದ ವರ್ಷದ ಡಿಸೆಂಬರಿನಲ್ಲಿ ಚಂದಾವರದ ಸಂತ ಫ್ರಾನ್ಸಿಸ್ ಝೇವಿಯರ್ ಹಬ್ಬಕ್ಕೆ ಸರಿಯಾಗಿ ರಜೆ ಹಾಕಿ ಊರಿಗೆ ಹೋದೆ. ನಮ್ಮೂರು ಹೊನ್ನಾವರದ ಕಡೆ. ಹಬ್ಬ ಕಳೆದ ಭಾನುವಾರ ಮಾವಶಿಯ (ಅಮ್ಮನ ಸೋದರಿ) ಜೊತೆ ನಮ್ಮ ಇಗರ್ಜಿಯಲ್ಲಿ ಹಿಂದಿನ ಬೆಂಚಿನಲ್ಲಿ ಕೂತಿದ್ದೆ. ಹಿಂದಿನ ಬೆಂಚಿನಿಂದ ಇಡೀ ಊರಿನ ಬೆನ್ನು ಕಾಣುತ್ತದೆ ಅಲ್ವಾ, ಅದಕ್ಕೇ ಮಾವಶಿಗೆ ಅದೇ ಇಷ್ಟ. ಪ್ರಸಾದದ ಸಾಲಿನಲ್ಲಿ ಹಸಿರು ಸೀರೆಯ ಒಬ್ಬ ಹೆಂಗಸು ಹೋದಳು. ಹಿಂದೆ ಅವಳ ಗಂಡ. ಎರಡನೆಯವನು. ಬೆಂಚಿನ ಈ ತುದಿಯಿಂದ ಆ ತುದಿಗೆ ಪಿಸುಮಾತು ಹರಿಯಿತು. "ಇವಳಿಗೂ ಕೊಡ್ತಾರೆ ನೋಡು." "ಕೊಡದೆ ಏನು, ಹೊಸ ಮೈಕ್ ಸೆಟ್ ಯಾರ ದುಡ್ಡು ಅಂದ್ಕೊಂಡೆ? ಅವನು ಕುವೈತಿನವ." ಫಾದರ್ ಇನ್ನೂ ಪ್ರಸಾದ ಹಂಚುತ್ತಲೇ ಇದ್ದರು. ಅಷ್ಟರಲ್ಲಿ ಇಲ್ಲಿ ಎರಡು ತೀರ್ಪು ಬಂದಾಗಿತ್ತು, ಒಂದು ಅವಳ ಮೇಲೆ, ಒಂದು ಫಾದರ್ ಮೇಲೆ. ಪೂಜೆ ಮುಗಿದ ಮೇಲೆ ಅದೇ ಬೆಂಚಿನವರು ಬಾಗಿಲಲ್ಲಿ ಸಾಲು ನಿಂತು ಕೈ ಮುಗಿದು ಫಾದರ್ ಪ್ರವಚನವನ್ನು ಹೊಗಳಿದರು. "ಇವತ್ತಿನ ಪ್ರಸಂಗ ಬಹಳ ಚೆನ್ನಾಗಿತ್ತು ಫಾದರ್."

ಕಥೋಲಿಕ ಧರ್ಮೋಪದೇಶದ ಪುಸ್ತಕದಲ್ಲಿ 2477ನೇ ಕಂಡಿಕೆ ಅಂತ ಒಂದಿದೆ. ಸಾಕಷ್ಟು ಆಧಾರವಿಲ್ಲದೆ, ಮನಸ್ಸಿನಲ್ಲೇ ಆದರೂ ಸರಿ, ನೆರೆಯವನು ತಪ್ಪು ಮಾಡಿದ್ದಾನೆ ಅಂತ ನಂಬಿಬಿಟ್ಟರೆ ಅದು ದುಡುಕಿನ ತೀರ್ಪು. ತಪ್ಪು ನಿಜವೇ ಆಗಿದ್ದರೂ ಸರಿಯಾದ ಕಾರಣವಿಲ್ಲದೆ ಗೊತ್ತಿಲ್ಲದವರಿಗೆ ಹೇಳಿದರೆ ಅದೂ ತಪ್ಪೇ. ಇನ್ನು ಧರ್ಮಸಭೆಯ 1983ರ ಕಾನೂನಿನ 212ನೇ ಕಲಮು ನೋಡಿ. ತಿಳಿವಳಿಕೆ ಇರುವ ಭಕ್ತರಿಗೆ ತಮ್ಮ ಅಭಿಪ್ರಾಯವನ್ನು ಗೌರವದಿಂದ ಗುರುಗಳಿಗೆ ಹೇಳುವ ಹಕ್ಕಿದೆ, ಕೆಲವೊಮ್ಮೆ ಅದು ಕರ್ತವ್ಯವೂ ಹೌದು ಅನ್ನುತ್ತದೆ. ಅಂದರೆ ಬಿಷಪರ ನಿರ್ಧಾರ ಸರಿಯಿಲ್ಲ ಅಂತ ಅವರ ಮುಖಕ್ಕೇ ಹೇಳಬಹುದು. ಮೈಕ್ ಸೆಟ್‌ಗೆ ಪ್ರಸಾದ ಮಾರಿದರು ಅಂತ ಬೆಂಚಿನಲ್ಲಿ ಹೇಳಬಾರದು. ನಮ್ಮೂರಲ್ಲಿ ಎಲ್ಲ ತಿರುಗುಮುರುಗು. ಮಾಡಬಹುದಾದದ್ದನ್ನು ಪಾಪ ಅನ್ನುತ್ತೇವೆ, ಪಾಪವನ್ನು ಪ್ರತಿ ವಾರ ಮಾಡುತ್ತೇವೆ.

ಆ ಹೆಂಗಸಿನ ವಿಷಯಕ್ಕೇ ಬರೋಣ. ಕೋರ್ಟಿನ ಡೈವೋರ್ಸ್ ಬೇರೆ, ಇಗರ್ಜಿಯ ನ್ಯಾಯಪೀಠ ಆ ಮದುವೆ ಮೊದಲಿನಿಂದಲೇ ಸಿಂಧುವಲ್ಲ ಅಂತ ಸಾರುವುದು ಬೇರೆ. ಒಂದಿದ್ದರೆ ಇನ್ನೊಂದು ತಾನಾಗಿ ಬರುವುದಿಲ್ಲ. ಇಗರ್ಜಿಯ ಆದೇಶವನ್ನೇ ಸರ್ಕಾರವೂ ಒಪ್ಪಬೇಕು ಅಂತ ಮಂಗಳೂರು ಕಡೆಯ ಕ್ಲಾರೆನ್ಸ್ ಪಾಯ್ಸ್ ಸುಪ್ರೀಂ ಕೋರ್ಟಿಗೆ ಹೋಗಿದ್ದರು. 2017ರ ಜನವರಿಯಲ್ಲಿ ಕೋರ್ಟು ಆ ಅರ್ಜಿಯನ್ನು ತಳ್ಳಿಹಾಕಿತು. ಹಾಗಾಗಿ ನಮ್ಮವರು ಎರಡೂ ಕಡೆ ಅಲೆಯಬೇಕು. 1869ರ ಡೈವೋರ್ಸ್ ಕಾನೂನಿನಲ್ಲಂತೂ 2001ರವರೆಗೆ ಕ್ರೈಸ್ತ ದಂಪತಿಗೆ ಪರಸ್ಪರ ಒಪ್ಪಿಗೆಯ ದಾರಿಯೇ ಇರಲಿಲ್ಲ. ಇಗರ್ಜಿಯ ಕಡೆ, ಮೊದಲು ಎರಡು ನ್ಯಾಯಪೀಠಗಳು ಒಂದೇ ತೀರ್ಪು ಕೊಡಬೇಕಿತ್ತು. 2015ರಲ್ಲಿ ಪೋಪ್ ಫ್ರಾನ್ಸಿಸ್ ಒಂದು ಸಾಕು ಎಂದರು. ಆ ಹೆಂಗಸು ಇದನ್ನೆಲ್ಲ ದಾಟಿ ಬಂದಿರಬಹುದು. ಹಾಗಿದ್ದರೆ ಅದು ಎರಡನೇ ಮದುವೆಯೇ ಅಲ್ಲ. ನನಗೆ ಗೊತ್ತಿಲ್ಲ. ಬೆಂಚಿನಲ್ಲಿ ಯಾರಿಗೂ ಗೊತ್ತಿರಲಿಲ್ಲ. ಆದೇಶದ ಪ್ರತಿಯನ್ನು ಅವಳೇನು ಕೊರಳಿಗೆ ಕಟ್ಟಿಕೊಂಡು ಬರಬೇಕಾ?

ಅದೇ ವಾರ ಇಗರ್ಜಿಯ ಹಾಲ್‌ನಲ್ಲಿ ಮೀಟಿಂಗ್ ಇತ್ತು. ಕೊನೆಗೆ "ಯಾರಿಗಾದರೂ ಏನಾದರೂ ಕೇಳುವುದಿದೆಯಾ" ಅಂದರು. ನಾನು ಎದ್ದು, ಮರುಮದುವೆಯಾದವರ ಬಗ್ಗೆ ನಮ್ಮ ಧರ್ಮಪ್ರಾಂತ್ಯದ ನಿಯಮ ಏನು, ಅದನ್ನೊಮ್ಮೆ ಪ್ರಸಂಗದಲ್ಲಿ ಬಿಡಿಸಿ ಹೇಳಬಹುದಾ, ಜನ ಏನೇನೋ ಅಂದುಕೊಳ್ಳುತ್ತಾರೆ ಎಂದೆ. ಯಾರ ಹೆಸರೂ ಎತ್ತಲಿಲ್ಲ. ಮಾವಶಿ ನನ್ನ ತೋಳು ಹಿಡಿದು ಚಿವುಟಿದ ಗುರುತು ಎರಡು ದಿನ ಇತ್ತು. "ಪುತಾ, ಫಾದರ್ ಎದುರು ಹಾಗೆಲ್ಲ ಕೇಳ್ತಾರಾ? ಜರ್ಮನಿಯಲ್ಲಿ ಇದನ್ನೇ ಕಲಿಸಿದ್ದಾ?" ಫಾದರ್ ನಕ್ಕು "ನೋಡೋಣ" ಎಂದರು. ಅವರು ಸಿಟ್ಟಾಗಿರಲಿಲ್ಲ. ಸಿಟ್ಟಾದವರು ಉಳಿದವರೆಲ್ಲ.

ನನಗೆ ನಿಜಕ್ಕೂ ಸೋಜಿಗವಾಗುವುದು ಬೇರೆ. ಚಂದಾವರದಲ್ಲಿ ನಾವು ಯಾರ ಹಬ್ಬಕ್ಕೆ ಜಾತಿ ಧರ್ಮ ನೋಡದೆ ಸೇರುತ್ತೇವೋ ಆ ಫ್ರಾನ್ಸಿಸ್ ಝೇವಿಯರ್, ಪ್ಯಾರಿಸ್ಸಿನಲ್ಲಿ ಇಗ್ನೇಷಿಯಸ್ ಲೊಯೋಲರ ಜೊತೆ ಒಂದೇ ಕೋಣೆಯಲ್ಲಿ ಓದಿದವರು. ನೆರೆಯವನ ಮಾತಿಗೆ ಮೊದಲು ಒಳ್ಳೆಯ ಅರ್ಥ ಹುಡುಕು, ಸಿಗದಿದ್ದರೆ ಅವನನ್ನೇ ಕೇಳು, ಅವನು ತಪ್ಪು ತಿಳಿದಿದ್ದರೆ ಪ್ರೀತಿಯಿಂದ ತಿದ್ದು ಅಂತ ಬರೆದವರು ಆ ಇಗ್ನೇಷಿಯಸ್. ಧರ್ಮೋಪದೇಶದ ಪುಸ್ತಕ ದುಡುಕಿನ ತೀರ್ಪಿಗೆ ಮದ್ದಾಗಿ ಕೊಡುವುದು ಅವರ ಮಾತನ್ನೇ. ಕೇಳು ಅನ್ನುವುದೇ ನಡುವಿನ ಮೆಟ್ಟಿಲು. ನಾವು ಅದೊಂದನ್ನು ಬಿಟ್ಟು ಹಾರುತ್ತೇವೆ.

ಇಷ್ಟು ಬರೆದ ಮೇಲೆ ಇಲ್ಲಿನ ಮಾತನ್ನೂ ಹೇಳಬೇಕು, ಮನಸ್ಸಿಲ್ಲದಿದ್ದರೂ. ಕಾಫಿ ಹಾಲ್‌ನಲ್ಲಿ ಎಲ್ಲರೂ ಆ ಟೀಚರ್ ಹಾಗಿಲ್ಲ. ಪೋಪರಿಗೆ ಪ್ರಶ್ನೆ ಕೇಳಿದ ಆ ನಾಲ್ವರು ಕಾರ್ಡಿನಲ್‌ಗಳಿಗೆ ಅಧಿಕಾರದ ಹುಚ್ಚು ಅನ್ನುವ ಅಜ್ಜ ಒಬ್ಬರಿದ್ದಾರೆ. ಪೋಪ್ ಫ್ರಾನ್ಸಿಸ್ ನಂಬಿಕೆಯೇ ಇಲ್ಲದ ಮನುಷ್ಯ, ಬೇಕೆಂದೇ ಇಗರ್ಜಿ ಒಡೆದರು ಅನ್ನುವವರೂ ಇದ್ದಾರೆ. ಅವರು ತೀರಿಕೊಂಡ ಮೇಲೂ ಆ ಮಾತು ನಿಂತಿಲ್ಲ. ಕಣ್ಣಲ್ಲೇ ಕಾಣದವರ ಹೊಟ್ಟೆಯೊಳಗಿನದು ಇವರಿಗೆ ಹೇಗೋ ಗೊತ್ತು. ಪಕ್ಕದ ಕುರ್ಚಿಯವರ ಎರಡನೇ ಮದುವೆ ಬಗ್ಗೆ ಇಲ್ಲಿ ಯಾರೂ ತಲೆ ಹಾಕುವುದಿಲ್ಲ ಅನ್ನುವುದು ನಿಜ. ಪಕ್ಕದ ಕುರ್ಚಿ ಖಾಲಿಯಾದರೂ ತಲೆ ಹಾಕುವುದಿಲ್ಲ. 2022ರ ಒಂದೇ ವರ್ಷದಲ್ಲಿ ಜರ್ಮನಿಯಲ್ಲಿ 5 ಲಕ್ಷಕ್ಕೂ ಹೆಚ್ಚು ಜನ ಕಥೋಲಿಕ ಇಗರ್ಜಿ ಬಿಟ್ಟರು. ಕಚೇರಿಗೆ ಹೋಗಿ ಒಂದು ಸಹಿ ಹಾಕಿದರೆ ಮುಗಿಯಿತು, ಸಂಬಳದಲ್ಲಿ ಇಗರ್ಜಿ ತೆರಿಗೆ ಹಿಡಿಯುವುದೂ ನಿಲ್ಲುತ್ತದೆ.

ಮಾವಶಿಯ ಬಗ್ಗೆಯೂ ಪೂರ್ತಿ ಹೇಳಿಲ್ಲ. ಆ ಹಸಿರು ಸೀರೆಯವಳ ಅತ್ತೆ ಆಸ್ಪತ್ರೆಯಲ್ಲಿದ್ದಾಗ ಕುಚಲಕ್ಕಿ ಗಂಜಿ ಹೊತ್ತುಕೊಂಡು ಹೋಗಿ ರಾತ್ರಿ ಪಕ್ಕದಲ್ಲಿ ಕೂತವಳು ಇವಳೇ ಅಂತೆ. ಅಣ್ಣ ಹೇಳಿದ. ಮೀಟಿಂಗಿನಲ್ಲಿ ಅವನು ನೆಲ ನೋಡುತ್ತಾ ಕೂತಿದ್ದ. ಮನೆಗೆ ಬಂದ ಮೇಲೆ ಅವನ ಮೇಲೆ ರೇಗಿದೆ. ಅವನು ರೇಗಲಿಲ್ಲ. "ನೀನು ಕೇಳಿ ವಿಮಾನ ಹತ್ತುತ್ತೀಯ. ಮಗಳ ಶಾಲೆಗೆ ಮ್ಯಾನೇಜರ್ ಫಾದರ್. ನಾಳೆ ಅವಳ ಮದುವೆಗೆ ಕಾಗದ ಕೊಡಬೇಕಾದವರೂ ಫಾದರೇ. ಅಪ್ಪನ ಗೋರಿ ಪಕ್ಕ ಜಾಗ ಬೇಕಾದರೂ ಅಲ್ಲಿಗೇ ಹೋಗಬೇಕು" ಎಂದ. ಅವನು ಹೇಳಿದ್ದು ಸುಳ್ಳಲ್ಲ. ಇಲ್ಲಿ ಆ ಟೀಚರ್‌ಗೆ ಫಾದರ್ ಕೈಯಿಂದ ಆಗಬೇಕಾದದ್ದು ಒಂದು ಕಪ್ ಕಾಫಿ ಅಷ್ಟೇ.

ಅದಕ್ಕೆ ನಾನು, ಸರಿ, ಫಾದರ್ ಎದುರು ಬಾಯಿ ಬಿಡಬೇಡ, ಆದರೆ ಆ ಹೆಂಗಸಿನ ಮನೆ ನಿಮ್ಮ ಮನೆಯಿಂದ ನಾಲ್ಕು ತೆಂಗಿನಮರದಾಚೆ, ಅವಳನ್ನೇ ಕೇಳಬಹುದಲ್ಲ ಎಂದೆ. "ಅಯ್ಯೋ, ಅಂಥದ್ದನ್ನೆಲ್ಲ ಮುಖಕ್ಕೆ ಕೇಳಲಿಕ್ಕಾಗ್ತದಾ?" ಎಂದ ಅಣ್ಣ.