ದೀಪವಿಲ್ಲದ ಊರು, ನಂಬರಿಲ್ಲದ ಊರು

ತಾಲ್ಲೂಕು ಕಚೇರಿಯ ಗ್ರಾಮಗಳ ಪಟ್ಟಿಯನ್ನು ಹವ್ಯಾಸಕ್ಕೆಂದು ಓದುವವರು ಯಾರೂ ಇಲ್ಲ. ಓದಿದರೆ ಮಾತ್ರ ಎರಡು ಪುಟ ತಿರುವುವಷ್ಟರಲ್ಲಿ ಯಾವುದೋ ಊರಿನ ಹೆಸರಿನ ಪಕ್ಕ ‘ಬೇಚರಾಕ್’ ಎಂಬ ಷರಾ ಎದುರಾಗುತ್ತದೆ. ಕೇಳಲು ಬೈಗುಳದಂತಿರುವ ಈ ಮಾತು ಪಾರಸಿಯ ‘ಬೇ-ಚಿರಾಗ್’. ಚಿರಾಗ್ ಎಂದರೆ ದೀಪ. ದೀಪ ಹಚ್ಚುವವರಿಲ್ಲದ ಊರು ಬೇಚರಾಕ್. ಖರಾಬು, ಆಕಾರ್‌ಬಂದ್, ಪೋಡಿ ಎಂದು ಗಂಟಲು ಕೆರೆಯುವ ಕಂದಾಯ ಇಲಾಖೆಯ ಶಬ್ದಭಂಡಾರದಲ್ಲಿ ಇಷ್ಟು ಕಾವ್ಯವಿರುವ ಪದ ಇನ್ನೊಂದು ಸಿಗಲಾರದು.

2011ರ ಜನಗಣತಿಯಲ್ಲಿ ಕರ್ನಾಟಕದ ಗ್ರಾಮಗಳು 29,340. ಅವುಗಳಲ್ಲಿ 1,943ರಲ್ಲಿ ಒಬ್ಬನೂ ಇಲ್ಲ. ಒಬ್ಬನೂ ಇಲ್ಲದಿದ್ದರೂ ಅವು ಊರುಗಳೇ. ಗಡಿಯುಂಟು, ಗಡಿಕಲ್ಲುಂಟು, ಸರ್ವೆ ನಂಬರುಗಳುಂಟು, ಪಹಣಿ ಬರುತ್ತದೆ, ಗಣತಿಯ ಕೋಡ್ ಕೂಡ ಇದೆ. ಜನಸಂಖ್ಯೆಯ ಕಾಲಮ್ಮಿನಲ್ಲಿ ಸೊನ್ನೆ, ಅಷ್ಟೆ. ಇನ್ನೊಂದು ಕಡೆ ತಾಂಡಾ, ಹಟ್ಟಿ, ಹಾಡಿ, ದೊಡ್ಡಿ, ಕ್ಯಾಂಪುಗಳನ್ನು ನೋಡಿ. ಮನೆಗಳಿವೆ, ಮಕ್ಕಳಿವೆ, ರಾತ್ರಿಯಾದರೆ ಬಲ್ಬುಗಳು ಉರಿಯುತ್ತವೆ. ಗ್ರಾಮವೆಂಬ ನಂಬರ್ ಮಾತ್ರ ಇಲ್ಲ. ದೀಪ ಆರಿದ ಊರು ದಾಖಲೆಯಲ್ಲಿ ಬದುಕಿದೆ, ದೀಪ ಉರಿಯುವ ಊರು ದಾಖಲೆಯಲ್ಲಿ ಹುಟ್ಟಿಯೇ ಇಲ್ಲ.

ಇಂಥ ಊರಿಗೆ ಸರಕಾರಿ ಭಾಷೆಯಲ್ಲಿ ಮಜರೆ ಎನ್ನುತ್ತಾರೆ. ಅರಬ್ಬಿಯಲ್ಲಿ ಅದರ ಮೂಲಕ್ಕೆ ಬಿತ್ತುವ ಹೊಲವೆಂದೇ ಅರ್ಥ. ಎಷ್ಟೋ ಮಜರೆಗಳ ಇತಿಹಾಸ ಆ ಅರ್ಥದಲ್ಲೇ ಅಡಗಿದೆ: ಹೊಲ ಊರಿಂದ ದೂರ, ಕಾವಲಿಗೆ ಗುಡಿಸಲು, ಗುಡಿಸಲ ಪಕ್ಕ ದನದ ದೊಡ್ಡಿ, ಅಣ್ಣತಮ್ಮಂದಿರು ಪಾಲಾದಾಗ ಎರಡನೇ ಒಲೆ. ರಾಮನಗರ, ಮಂಡ್ಯದ ಕಡೆ ದೊಡ್ಡಿಯ ಹಿಂದೆ ಒಬ್ಬ ಮನುಷ್ಯನ ಹೆಸರು ಅಂಟಿಕೊಂಡಿರುವುದು ಸುಮ್ಮನೆ ಅಲ್ಲ. ತಾಂಡಾಗಳದ್ದು ಬೇರೆ ದಾರಿ. ಎತ್ತಿನ ಹೇರಿನ ಮೇಲೆ ಉಪ್ಪು, ದವಸ ಸಾಗಿಸುತ್ತಿದ್ದ ಲಂಬಾಣಿಗರ ವ್ಯಾಪಾರವನ್ನು ರೈಲು ಕಸಿದ ಮೇಲೆ, ನೀರು ಮತ್ತು ಹುಲ್ಲು ಕಂಡಲ್ಲಿ ಬಿಡಾರ ಊರಿತು. ತುಂಗಭದ್ರಾ ಕಾಲುವೆಯ ಕ್ಯಾಂಪುಗಳಿಗೆ ಇಷ್ಟು ವಯಸ್ಸೂ ಇಲ್ಲ. 1953ರಲ್ಲಿ ಅಣೆಕಟ್ಟೆ ಎದ್ದ ಮೇಲೆ ನೀರಿನ ಬೆನ್ನು ಹತ್ತಿ ಆಂಧ್ರದಿಂದ ಬಂದ ರೈತರವು ಅವು. ಸಿಂಧನೂರಿನ ಆರ್.ಎಚ್., ಅಂದರೆ ಪುನರ್ವಸತಿ, ಕ್ಯಾಂಪುಗಳಲ್ಲಿರುವ ಬಹುಪಾಲಿನವರು ಪೂರ್ವ ಬಂಗಾಳದಿಂದ ಬಂದ ನಿರಾಶ್ರಿತರ ಮನೆತನದವರು. ಆ ಊರುಗಳಿಗೆ ಹೆಸರಿಡುವ ಪುರುಸೊತ್ತೂ ಯಾರಿಗೂ ಇರಲಿಲ್ಲ. ಒಂದು, ಎರಡು, ಮೂರು ಎಂದು ಎಣಿಸಿ ಬಿಟ್ಟರು.

ನಂಬರ್ ಇಲ್ಲದಿದ್ದರೆ ಏನು ಗಂಟು ಹೋಯಿತು? ಗ್ರಾಮ ನಕಾಶೆಯನ್ನು ಮೇಜಿನ ಮೇಲೆ ಹರಡಿದರೆ ಗೊತ್ತಾಗುತ್ತದೆ. ಅದರಲ್ಲಿ ಒಂದು ಅಂಗುಲಕ್ಕೆ 660 ಅಡಿ ನೆಲ. ನಡುವೆ ಗ್ರಾಮಠಾಣಾ, ಸುತ್ತ ನಂಬರ್ ಬಿದ್ದ ಹೊಲಗಳು. ಮೂಲ ಊರಿನ ಮನೆಗಳೆಲ್ಲ ಠಾಣಾದ ಗೆರೆಯೊಳಗಿವೆ. ತಾಂಡಾ ಇರುವ ಜಾಗದಲ್ಲಿ ಬರೀ ಒಂದು ಸರ್ವೆ ನಂಬರ್. ನಕಾಶೆಯ ಪ್ರಕಾರ ಅಲ್ಲಿ ಜೋಳ ಬೆಳೆಯಬೇಕು, ಬೆಳೆದಿರುವುದು ಮನೆ. ಗ್ರಾಮಠಾಣಾದ ಒಳಗಿನ ಮನೆಗೆ ಪಂಚಾಯಿತಿಯಲ್ಲಿ ನಮೂನೆ 9 ಎಂಬ ಆಸ್ತಿಯ ಕಾಗದ ಸಿಗುತ್ತದೆ, ಸರ್ವೆ ನಂಬರಿನ ಮೇಲೆ ನಿಂತ ಮನೆಗೆ ಸಿಗುವುದಿಲ್ಲ. ಕಾಗದವಿಲ್ಲದ ಮನೆಯ ಮೇಲೆ ಬ್ಯಾಂಕು ಸಾಲ ಕೊಡದು. ಮೂರು ತಲೆಮಾರು ಬಾಳಿದ ಮನೆಯ ಕೆಳಗಿನ ಎರಡು ಗುಂಟೆ, ಅಂದರೆ 2,178 ಚದರಡಿ, ಪಹಣಿಯಲ್ಲಿ ಇನ್ನಾರದೋ ಹೆಸರಿನಲ್ಲಿರುತ್ತದೆ.

ಈ ಗಂಟು ಬಿಡಿಸಲೆಂದೇ ಭೂಸುಧಾರಣಾ ಕಾಯ್ದೆಗೆ 38-ಎ, ಭೂಕಂದಾಯ ಕಾಯ್ದೆಗೆ 94-ಡಿ ಎಂಬ ಕಲಮುಗಳು ಸೇರಿದವು. ಜನವಸತಿಯನ್ನು ಅಳೆದು, ಮೊದಲು ಪ್ರಾಥಮಿಕ ಅಧಿಸೂಚನೆ, ಆಕ್ಷೇಪಣೆ ಕೇಳಿ ಅಂತಿಮ ಅಧಿಸೂಚನೆ, ಆಮೇಲೆ ಹಕ್ಕುಪತ್ರ. ಕಲಬುರಗಿ, ಯಾದಗಿರಿ, ರಾಯಚೂರು, ಬೀದರ್, ವಿಜಯಪುರ ಈ ಐದು ಜಿಲ್ಲೆಗಳಲ್ಲೇ ಸುಮಾರು 1,475 ಜನವಸತಿಗಳು ಹೀಗೆ ದಾಖಲೆಯಲ್ಲಿ ತಮ್ಮದೇ ಹೆಸರಿರುವ ಕಂದಾಯ ಗ್ರಾಮಗಳಾದವು. 2023ರ ಜನವರಿಯಲ್ಲಿ ಮಳಖೇಡದಲ್ಲಿ ಹಕ್ಕುಪತ್ರ ಹಂಚಿದ್ದು ಇವುಗಳದ್ದೇ. ತಾಂಡಾ ಎರಡು ಗ್ರಾಮಗಳ ಗಡಿಗೆ ಅಡ್ಡಲಾಗಿ ಕೂತಿದ್ದರೆ ಮಾತ್ರ ಕೆಲಸ ತೊಡಕು. ಒಂದು ಸಾಲು ಈ ಗ್ರಾಮಕ್ಕೆ, ಎದುರು ಸಾಲು ಆ ಗ್ರಾಮಕ್ಕೆ. ಬಾವಿ ಒಂದೇ.

ಜನಸಂಖ್ಯೆಯ ಕತೆ ಇನ್ನೂ ಸೊಗಸು. ಗಣತಿಯ ಅಚ್ಚಾದ ಅಂಕಿ ಸಿಗುವುದು ಕಂದಾಯ ಗ್ರಾಮಕ್ಕೆ. ಮಜರೆಯ ತಲೆಗಳೆಲ್ಲ ಮೂಲ ಗ್ರಾಮದ ಮೊತ್ತದಲ್ಲಿ ಕರಗಿಹೋಗುತ್ತವೆ. ಹಾಗೆಂದು ಎಣಿಸುವವರು ನೋಡದೆ ಹೋಗಿರುವುದಿಲ್ಲ. 2011ರ ಗಣತಿದಾರರು ಕೈಯಾರೆ ನಕ್ಷೆ ಬರೆದರು. ತಮಗೆ ಹಂಚಿದ ಬ್ಲಾಕಿನ ವಾಯವ್ಯ ಮೂಲೆಯಿಂದ ಶುರು, ಪಕ್ಕಾ ಮನೆಗೆ ಚೌಕ, ಕಚ್ಚಾ ಮನೆಗೆ ತ್ರಿಕೋನ, ಆಗ್ನೇಯಕ್ಕೆ ಮುಕ್ತಾಯ. ತಾಂಡಾದ ಒಂದೊಂದು ತ್ರಿಕೋನವೂ ಆ ಹಾಳೆಯಲ್ಲಿತ್ತು. ಮೊತ್ತ ಹಾಕುವಾಗ ತಾಂಡಾದ ಹೆಸರು ಉದುರಿತು. ಹಾಗಾಗಿ ಮಜರೆಯೊಂದರ ನಿಜವಾದ ಲೆಕ್ಕ ಬೇಕಾದವರು ದಪ್ಪ ಪುಸ್ತಕ ಹುಡುಕದೆ ಅಂಗನವಾಡಿ ಕಾರ್ಯಕರ್ತೆಯ ಸಮೀಕ್ಷೆ ಪುಸ್ತಕ ಕೇಳುವುದು ಒಳ್ಳೆಯದು. ಯಾವ ಮನೆಯಲ್ಲಿ ಯಾರು ಬಸುರಿ, ಯಾರ ಕೂಸಿಗೆ ಎಷ್ಟು ತಿಂಗಳು ಎಂಬುದೂ ಅದರಲ್ಲಿರುತ್ತದೆ. ಮತದಾರರ ಪಟ್ಟಿ ಎರಡನೇ ದಾರಿ. ಆದರೆ ಅಲ್ಲಿ ಹದಿನೆಂಟು ತುಂಬದವರಿಗೆ ಜಾಗವಿಲ್ಲ, ಸತ್ತವರು ಕೆಲವೊಮ್ಮೆ ಜಾಗ ಬಿಡುವುದಿಲ್ಲ.

ಊರು ಬೇಚರಾಕ್ ಆಗುವುದಕ್ಕೆ ಕಾರಣ ಹುಡುಕಲು ದೂರ ಹೋಗಬೇಕಿಲ್ಲ. ಬರ, ಪ್ಲೇಗು, ಮಲೆನಾಡಿನ ಚಳಿಜ್ವರ, ಬತ್ತಿದ ಬಾವಿ. 1871ರಲ್ಲಿ 50 ಲಕ್ಷ ದಾಟಿದ್ದ ಮೈಸೂರು ಸಂಸ್ಥಾನದ ಜನಸಂಖ್ಯೆ 1876–78ರ ಬರ ಕಳೆದು 1881ಕ್ಕೆ 42 ಲಕ್ಷದೊಳಗೆ ಬಂತು. ‘ಹಾಳೂರಿಗೆ ಉಳಿದವನೇ ಗೌಡ’ ಎಂಬ ಗಾದೆಯನ್ನು ಈಗ ನಗುತ್ತಾ ಹೇಳುತ್ತೇವೆ. ಹಾಳೂರಿನ ಜಾಗದಲ್ಲಿ ನೇಗಿಲು ಹೊಡೆದರೆ ಇಂದಿಗೂ ಬೂದಿ ಬಣ್ಣದ ಮಣ್ಣು, ಮಡಕೆಯ ಚೂರು ಮೇಲೇಳುತ್ತವೆ. ಎಷ್ಟೋ ಕಡೆ ಹನುಮಪ್ಪನ ಗುಡಿ ಮಾತ್ರ ಉಳಿದಿರುತ್ತದೆ. ಪಕ್ಕದ ಊರಿನವರು ಶನಿವಾರ ಬಂದು ಎಣ್ಣೆ ಬತ್ತಿ ಹಾಕಿ ಹೋಗುತ್ತಾರೆ. ದೀಪವಿಲ್ಲದ ಊರೆಂಬ ಷರಾ ಅಂಥಲ್ಲಿ ವಾರಕ್ಕೊಂದು ದಿನ ಸುಳ್ಳು.

ಮುಂದಿನ ಗಣತಿಗೆ ಗಡಿಗಳನ್ನು 2025ರ ಡಿಸೆಂಬರ್ 31ಕ್ಕೆ ಕಟ್ಟಿಹಾಕಲಾಯಿತು. ಅಷ್ಟರೊಳಗೆ ಕಂದಾಯ ಗ್ರಾಮವಾದ ತಾಂಡಾಗಳು ಇದೇ ಮೊದಲ ಸಲ ತಮ್ಮದೇ ಸಾಲಿನಲ್ಲಿ, ತಮ್ಮದೇ ಅಂಕಿಯೊಂದಿಗೆ ಕಾಣಿಸಿಕೊಳ್ಳಬೇಕು. ಒಂದು ತೊಡಕು ಉಳಿದಿದೆ. ತಲೆ ಎಣಿಕೆ ನಡೆಯುವುದು ಫೆಬ್ರವರಿಯಲ್ಲಿ. 2011ರಲ್ಲಿ ಅದು 9ರಿಂದ 28ರವರೆಗೆ ನಡೆಯಿತು. ಆ ಅವಧಿಯಿಡೀ ಊರಲ್ಲಿ ಇಲ್ಲದವರನ್ನು ಅವರು ಎಲ್ಲಿದ್ದರೋ ಅಲ್ಲೇ ಎಣಿಸಿದರು. ಕಬ್ಬಿನ ಕಟಾವಿಗೆ ಗುಳೆ ಹೋದ ತಾಂಡಾದಲ್ಲಿ ಆಗ ಇರುವವರು ಮುದುಕರು, ಶಾಲೆ ಬಿಡಿಸಲಾಗದ ಮಕ್ಕಳು, ಬಾಗಿಲಿಗೆ ಜೋತ ಬೀಗ. 2027ರ ಫೆಬ್ರವರಿಯಲ್ಲೂ ಕಬ್ಬು ಕಟಾವಿಗೆ ಬಂದೇ ಇರುತ್ತದೆ.