ಹೆಸರು ಚಿಕ್ಕಪ್ಪನದು, ಮೊಬೈಲ್ ನಂಬರ್ ಮಾತ್ರ ನಿಮ್ಮದು

ಕೊಡಗಿನಲ್ಲಿ ಈಗ ಎಷ್ಟೋ ಮನೆಗಳಲ್ಲಿ ಹೀಗೊಂದು ಏರ್ಪಾಡು ಇದೆ. ತೋಟ ಚಿಕ್ಕಪ್ಪನ ಹೆಸರಲ್ಲಿದೆ, ಕಾಫಿ ದುಡ್ಡು ಅವರ ಖಾತೆಗೇ ಬರುತ್ತದೆ, ಬ್ಯಾಂಕಿನವರಿಗೆ ಅವರ ಮೇಲೆ ನಂಬಿಕೆ. ಬೆಂಗಳೂರಲ್ಲಿ ಕೆಲಸಕ್ಕೆ ಸೇರಿದ ಅಣ್ಣನ ಮಗನಿಗೆ ಬೈಕ್ ಬೇಕು. ಸಾಲ ಚಿಕ್ಕಪ್ಪನ ಹೆಸರಲ್ಲಿ, ಕಂತು ಹುಡುಗನ ಜವಾಬ್ದಾರಿ. ಊರಲ್ಲಿ ಟವರ್ ಸಿಗಲ್ಲ, ಓಟಿಪಿ ಬರಲ್ಲ ಅಂತ ಅರ್ಜಿಯಲ್ಲಿ ಹುಡುಗನ ಮೊಬೈಲ್ ನಂಬರನ್ನೇ ಬರೆಸುತ್ತಾರೆ. ಮುಂದಿನ ತೊಂದರೆಗೆ ಬೀಜ ಬೀಳುವುದು ಅಲ್ಲೇ. ಸಾಲ ಬಾಕಿ ಬಿದ್ದಿದೆ ಎಂದು, ಸಾಲಗಾರರ ದಾಖಲೆ ಇಡುವ ಸಿಬಿಲ್‌ನಂಥ ಕಂಪನಿಗೆ ವರದಿ ಮಾಡುವಾಗ ಗ್ರಾಹಕರಿಗೆ ಎಸ್‌ಎಂಎಸ್ ಅಥವಾ ಇಮೇಲ್ ಕಳಿಸಬೇಕು ಅಂತ ಆರ್‌ಬಿಐ ನಿಯಮವೇ ಇದೆ. ಆ ಎಸ್‌ಎಂಎಸ್ ಹುಡುಗನ ಫೋನಿಗೆ ಬಂದು ಲೋನ್ ಜಾಹೀರಾತುಗಳ ನಡುವೆ ಕಳೆದುಹೋಗುತ್ತದೆ. ಹೆಸರು ಯಾರದ್ದು ಹಾಳಾಯಿತೋ ಅವರಿಗೆ ಸುದ್ದಿಯೇ ಇರಲ್ಲ.

ಕಂತು ತಪ್ಪುವುದು ಹೆಚ್ಚಾಗಿ ದುಡ್ಡಿಲ್ಲದೆ ಅಲ್ಲ, ದುಡ್ಡು ತಲುಪುವ ಹೊತ್ತು ತಪ್ಪಿ. ಕಂತು 5ನೇ ತಾರೀಕು ಅಂದುಕೊಳ್ಳಿ. ಚಿಕ್ಕಪ್ಪನ ಖಾತೆಯಿಂದ ನಾಚ್ (ಎನ್‌ಎಸಿಎಚ್) ಅನ್ನುವ ಬ್ಯಾಂಕ್ ವ್ಯವಸ್ಥೆಯ ಮೂಲಕ ತಾನಾಗಿ ಕಡಿತ ಆಗಬೇಕು. ಆ ಬೇಡಿಕೆ ಬೆಳಿಗ್ಗೆಯೇ ಖಾತೆಗೆ ಬಂದು ಹೋಗಬಹುದು. ಹುಡುಗ ಸಂಜೆ ಆಫೀಸ್ ಮುಗಿಸಿ ಗೂಗಲ್ ಪೇ ಮಾಡುತ್ತಾನೆ. ದುಡ್ಡು ಖಾತೆಯಲ್ಲಿ ಸುಮ್ಮನೆ ಕೂತಿರುತ್ತದೆ, ಕಂತು ಮಾತ್ರ ಬೌನ್ಸ್. ಕಟ್ಟಿದ್ದೇನೆ ಅಂತ ಅವನು, ದುಡ್ಡು ಬಂದಿದೆ ಅಂತ ಇವರು. 2021ರ ಆಗಸ್ಟ್ 1ರಿಂದ ನಾಚ್ ಭಾನುವಾರ, ರಜಾ ದಿನಗಳಲ್ಲೂ ನಡೆಯುತ್ತದೆ. ಹಾಗಾಗಿ ಕೈಲ್ ಮುಹೂರ್ತ ಹಬ್ಬಕ್ಕೆ ಊರಿಗೆ ಬಂದಾಗ ಕೈಯಲ್ಲೇ ಕೊಡ್ತೀನಿ ಅನ್ನುವ ಲೆಕ್ಕ ನಡೆಯಲ್ಲ.

ಇನ್ನೊಂದು ಇನ್ನೂ ಸಣ್ಣದು. ಕಂತು 4,870 ರೂಪಾಯಿ ಅಂತ ಸರಿಯಾಗಿ 4,870 ಕಳಿಸುತ್ತಾರೆ. ಅಷ್ಟರಲ್ಲಿ ಡೆಬಿಟ್ ಕಾರ್ಡಿನ ವಾರ್ಷಿಕ ಶುಲ್ಕವೋ ಎಸ್‌ಎಂಎಸ್ ಶುಲ್ಕವೋ ಕಡಿತ ಆಗಿ ನೂರಿನ್ನೂರು ಕಮ್ಮಿ ಬೀಳುತ್ತದೆ. ಇದ್ದಷ್ಟು ತೆಗೆದುಕೊಂಡು ಉಳಿದದ್ದು ಆಮೇಲೆ ಅನ್ನುವುದು ನಾಚ್‌ನಲ್ಲಿಲ್ಲ, ಪೂರ್ತಿ ಬೌನ್ಸ್. ಆಮೇಲೆ ಕಂತು ಕೈಯಿಂದ ಕಟ್ಟುತ್ತಾರೆ, ಬೌನ್ಸ್ ಶುಲ್ಕ ಮರೆಯುತ್ತಾರೆ. ಕೆಲವು ಸಂಸ್ಥೆಗಳು ಅದನ್ನೂ ಬಾಕಿ ಅಂತಲೇ ತೋರಿಸುತ್ತವೆ. ಅದಕ್ಕೇ ಆ ಖಾತೆಯಲ್ಲಿ ಒಂದು ಕಂತಿನಷ್ಟು ದುಡ್ಡು ಸದಾ ಹೆಚ್ಚಿಗೆ ಇರಲಿ, ತಿಂಗಳ ಕಂತು ಮೂರ್ನಾಲ್ಕು ದಿನ ಮೊದಲೇ ಸೇರಲಿ. ಸಂಬಳ 7ಕ್ಕೆ ಬರುವವರು 5ರ ಕಂತು ಒಪ್ಪಿಕೊಳ್ಳಲೇಬಾರದು. ಸಾಲ ತೆಗೆಯುವಾಗಲೇ ತಾರೀಕು ಬದಲಿಸಿ ಅಂತ ಕೇಳಬೇಕು.

ಒಂದೆರಡು ದಿನ ತಡವಾದರೆ ಏನಂತೆ ಎಂದು ಕೇಳುವವರು ಬಹಳ ಜನ. ಕ್ರೆಡಿಟ್ ಕಾರ್ಡಿಗೆ ಮೂರು ದಿನದ ವಿನಾಯಿತಿ ಇದೆ, ಅದು ದಾಟಿದರೆ ಮಾತ್ರ ಬಾಕಿ ಅಂತ ವರದಿ, ತಡ ಶುಲ್ಕ. ಆದರೆ ದಾಟಿದ ಮೇಲೆ ದಿನ ಎಣಿಸುವುದು ಮೂಲ ತಾರೀಕಿನಿಂದಲೇ. ಕಂತಿನ ಸಾಲಕ್ಕೆ ಆ ವಿನಾಯಿತಿಯೂ ಇಲ್ಲ. ಕಂತಿನ ದಿನ ಬ್ಯಾಂಕ್ ದಿನದ ಲೆಕ್ಕ ಮುಗಿಸುವ ಹೊತ್ತಿಗೆ ದುಡ್ಡು ಸೇರದಿದ್ದರೆ ಅಂದಿನಿಂದಲೇ ಬಾಕಿ. ಮೊದಲು ತಿಂಗಳಿಗೊಮ್ಮೆ ವರದಿ ಹೋಗುತ್ತಿತ್ತು, 5ರ ಕಂತನ್ನು 20ಕ್ಕೆ ಕಟ್ಟಿದರೂ ಎಷ್ಟೋ ಸಲ ಗೊತ್ತಾಗುತ್ತಿರಲಿಲ್ಲ. 2025ರ ಜನವರಿ 1ರಿಂದ ಹದಿನೈದು ದಿನಕ್ಕೊಮ್ಮೆ ಅಥವಾ ಅದಕ್ಕೂ ಬೇಗ ವರದಿ ಹೋಗಬೇಕು. ಆ ಸಂದು ಮುಚ್ಚಿತು.

ಸಿಬಿಲ್ ವರದಿ ತೆರೆದು ನೋಡಿ. ಪ್ರತಿ ಸಾಲದ ಕೆಳಗೆ ತಿಂಗಳಿಗೊಂದರಂತೆ 36 ಚೌಕಗಳವರೆಗೆ ಇರುತ್ತವೆ. 000 ಅಂದರೆ ಬಾಕಿ ಇಲ್ಲ. 022 ಅಂದರೆ 22 ದಿನ ತಡ. ಎಕ್ಸ್‌ಎಕ್ಸ್‌ಎಕ್ಸ್ ಅಂತ ಇದ್ದರೆ ಗಾಬರಿ ಬೇಡ, ಆ ತಿಂಗಳು ಬ್ಯಾಂಕ್ ಮಾಹಿತಿ ಕೊಟ್ಟಿಲ್ಲ ಅಷ್ಟೆ. 300ರಿಂದ 900ರ ಒಳಗಿನ ಅಂಕಕ್ಕಿಂತ ಈ ಚೌಕಗಳನ್ನೇ ಮೊದಲು ನೋಡಿ. ಎಡವಟ್ಟು ಎಲ್ಲಾಯಿತು ಅಂತ ಅಂಕ ಹೇಳಲ್ಲ.

ತೋಟದ ಮನೆಗಳಿಗೆ ನಿಜವಾದ ಅಪಾಯ ಇದಲ್ಲ. ಬೈಕ್ ಸಾಲವೂ ಚಿಕ್ಕಪ್ಪನ ಬೆಳೆ ಸಾಲದ ಕಿಸಾನ್ ಕ್ರೆಡಿಟ್ ಕಾರ್ಡೂ (ಕೆಸಿಸಿ) ಒಂದೇ ಬ್ಯಾಂಕಿನಲ್ಲಿದ್ದರೆ ಎಚ್ಚರ. ಬಾಕಿ 90 ದಿನ ದಾಟಿದರೆ ಬೈಕ್ ಸಾಲ ಎನ್‌ಪಿಎ, ಅಂದರೆ ಬ್ಯಾಂಕಿನ ಲೆಕ್ಕದಲ್ಲಿ ಕೆಟ್ಟ ಸಾಲ. ಎನ್‌ಪಿಎ ಲೆಕ್ಕ ಸಾಲಗಾರನಿಗೆ, ಒಂದೊಂದು ಸಾಲಕ್ಕೆ ಬೇರೆ ಬೇರೆ ಅಲ್ಲ. ಬೆಳೆ ಸಾಲಕ್ಕೆ ಬೆಳೆ ಹಂಗಾಮಿನ ಪ್ರಕಾರ ಬೇರೆ ಗಡುವು ಇದ್ದರೂ ಬೈಕಿನ ಸಾಲ ಕೆಸಿಸಿಯನ್ನೂ ಎಳೆದುಕೊಂಡು ಬೀಳುತ್ತದೆ. ಕಾಫಿ ಹೂ ಅರಳಿಸುವ ಹೂಮಳೆಗೆ ಕಾಯದೆ ತುಂತುರು ನೀರಾವರಿಗೆ ಡೀಸೆಲ್ ಹಾಕಬೇಕು, ಮರಕಪಾತು (ನೆರಳಿನ ಮರಗಳ ಕೊಂಬೆ ಕಡಿಯುವುದು) ಮಾಡಿಸಬೇಕು, ಗೊಬ್ಬರ ತರಬೇಕು, ಆ ಹೊತ್ತಿಗೆ ಕೆಸಿಸಿ ನವೀಕರಣ ನಿಂತಿರುತ್ತದೆ. ಗಡುವಿನೊಳಗೆ ಕೆಸಿಸಿ ಕಟ್ಟಿದವರಿಗೆ ಸಿಗುವ ಶೇ 3ರ ರಿಯಾಯಿತಿ ಸಣ್ಣದಲ್ಲ, ಮೂರು ಲಕ್ಷಕ್ಕೆ ವರ್ಷಕ್ಕೆ 9,000 ರೂಪಾಯಿ. ಒಮ್ಮೆ ಎನ್‌ಪಿಎ ಆದರೆ ಒಂದೆರಡು ಕಂತು ಕಟ್ಟಿ ಹೊರಬರಲಿಕ್ಕಾಗಲ್ಲ, ಅಸಲು ಬಡ್ಡಿ ಎರಡರ ಬಾಕಿಯೂ ಪೂರ್ತಿ ತೀರಬೇಕು.

ಕಾರ್ಡಿನ ಕಥೆಯೂ ಇದೇ. ಆಫರ್ ಇದೆ ಅಂತ ಮಾವನ ಕ್ರೆಡಿಟ್ ಕಾರ್ಡಲ್ಲಿ ಫೋನ್ ತಗೊಂಡರೂ, ಅವರ ಆಡ್-ಆನ್ ಕಾರ್ಡ್ ನಿಮ್ಮ ಕೈಲಿದ್ದರೂ, ಬಿಲ್ಲು ಅವರ ಹೆಸರಿಗೆ. ಜಾಮೀನಿಗೆ ಸಹಿ ಹಾಕಿದವರ ವರದಿಯಲ್ಲೂ ಆ ಸಾಲ ಕಾಣುತ್ತದೆ.

ತಡ ಆಗಿಯೇ ಹೋಗಿದ್ದರೆ? ಮೊದಲು ಚಿಕ್ಕಪ್ಪನಿಗೆ ಹೇಳಿ, ಅದೇ ದಿನ. ನಾಚಿಕೆಯಿಂದ ಒಂದು ವಾರ ಮುಚ್ಚಿಟ್ಟರೆ ವರದಿಯಲ್ಲಿ ಏಳು ದಿನ ಹೆಚ್ಚಾಗುತ್ತದೆ. ಬ್ಯಾಂಕ್ ಮತ್ತೊಮ್ಮೆ ನಾಚ್ ಹಾಕುತ್ತದೆ ಅಂತ ಕಾಯಬೇಡಿ, ಶಾಖೆಯಲ್ಲೋ ಬ್ಯಾಂಕಿನ ಆ್ಯಪ್‌ನಲ್ಲೋ ನೇರ ಸಾಲದ ಖಾತೆಗೆ ಕಟ್ಟಿ. ಬೌನ್ಸ್ ಶುಲ್ಕ, ದಂಡ ಶುಲ್ಕ ಸೇರಿ ಒಟ್ಟು ಬಾಕಿ ಎಷ್ಟು ಅಂತ ಕೇಳಿ ಕಟ್ಟಿ, ಬಾಕಿ ಸೊನ್ನೆ ಅಂತ ತೋರಿಸುವ ಸ್ಟೇಟ್‌ಮೆಂಟ್ ಪಡೆಯಿರಿ. ದುಡ್ಡು ಕಟ್ಟಿದ್ದಕ್ಕೆ ಗುರುತಾದ ಯುಟಿಆರ್ ನಂಬರ್ ಬರೆದಿಡಿ.

ಗಲಾಟೆ ಮಾಡಿದರೆ ಬ್ಯಾಂಕಿನವರು ಶುಲ್ಕ ವಾಪಸ್ ಕೊಡಬಹುದು. ಅದರಿಂದ ವರದಿಯ ಚೌಕ ಬದಲಾಗಲ್ಲ. ನಿಜವಾಗಿ ತಡವಾಗಿದ್ದರೆ ಆ ದಾಖಲೆ ಅಳಿಸಲಿಕ್ಕಾಗಲ್ಲ, ದುಡ್ಡು ಕೊಟ್ಟರೆ ಅಳಿಸಿಕೊಡ್ತೀವಿ ಅನ್ನುವ ಏಜೆಂಟರು ಸುಳ್ಳು ಹೇಳುತ್ತಿದ್ದಾರೆ. ತಪ್ಪು ಬ್ಯಾಂಕಿನದಾಗಿದ್ದರೆ, ಅಂದರೆ ತಾರೀಕಿನೊಳಗೆ ಕಟ್ಟಿದ್ದು ತಡವಾಗಿ ಜಮೆಯಾಗಿದ್ದರೆ, ಬ್ಯಾಂಕಿಗೂ ಸಿಬಿಲ್‌ಗೂ ದಾಖಲೆ ಸಮೇತ ದೂರು ಕೊಡಿ. 30 ದಿನದೊಳಗೆ ಇತ್ಯರ್ಥ ಆಗಬೇಕು, ಆಗದಿದ್ದರೆ ದಿನಕ್ಕೆ 100 ರೂಪಾಯಿ ಪರಿಹಾರ ಅಂತ ಆರ್‌ಬಿಐ ಹೇಳಿದೆ. ಆಮೇಲೂ ಜಗ್ಗದಿದ್ದರೆ ದೂರು ವಿಚಾರಿಸುವ ಆರ್‌ಬಿಐ ಒಂಬುಡ್ಸ್‌ಮನ್ ಇದ್ದಾರೆ, ಸಹಾಯವಾಣಿ 14448.

ಈಗ ಆ ಮೊಬೈಲ್ ನಂಬರ್. ಚಿಕ್ಕಪ್ಪನನ್ನು ಆಧಾರ್ ಸಮೇತ ಶಾಖೆಗೆ ಕರೆದುಕೊಂಡು ಹೋಗಿ, ಸಾಲದ ಖಾತೆಗೆ ಅವರ ನಂಬರ್ ಹಾಕಿಸಿ, ಇಮೇಲ್ ಮಾತ್ರ ನಿಮ್ಮದು ಕೊಡಿ. ಎಚ್ಚರಿಕೆ ಇಬ್ಬರಿಗೂ ಮುಟ್ಟಬಹುದು. ಮಳೆಗಾಲದಲ್ಲಿ ಕರೆಂಟ್ ಹೋಗಿ ಟವರ್ ಸತ್ತಾಗ ಎಸ್‌ಎಂಎಸ್ ಬರುವುದು ಅವರು ನಾಪೋಕ್ಲು ಸಂತೆಗೆ ಹೋದಾಗಲೇ ಇರಬಹುದು. ಜೂನ್‌ನಿಂದ ಆಗಸ್ಟ್‌ವರೆಗಿನ ಮೂರು ಕಂತಿನ ದುಡ್ಡನ್ನು ಮೇ ಕೊನೆಯಲ್ಲೇ ಖಾತೆಗೆ ಹಾಕಿಡುವುದು ಇನ್ನೂ ಒಳ್ಳೆಯದು. ಸಿಬಿಲ್, ಎಕ್ಸ್‌ಪೀರಿಯನ್, ಈಕ್ವಿಫ್ಯಾಕ್ಸ್, ಸಿಆರ್‌ಐಎಫ್ ಹೈ ಮಾರ್ಕ್ ನಾಲ್ಕೂ ವರ್ಷಕ್ಕೊಂದು ಪೂರ್ತಿ ವರದಿ ಪುಕ್ಕಟೆ ಕೊಡಬೇಕು. ಮೂರು ತಿಂಗಳಿಗೊಂದರಂತೆ ತೆಗೆದು ಚಿಕ್ಕಪ್ಪನಿಗೆ ಓದಿ ಹೇಳಿ. ಕೆಸಿಸಿ ನವೀಕರಣಕ್ಕೆ ಹೋಗುವಾಗ ಆ ಬಾಕಿ ಸೊನ್ನೆಯ ಸ್ಟೇಟ್‌ಮೆಂಟ್ ಅವರ ಪಾಸ್‌ಬುಕ್ಕಿನೊಳಗೆ ಇರಲಿ.